ಮೂಡೋ ಕಡೆ

ಅನ್ನಕ್ಕೆ ಎಸರಿಟ್ಟು ಹೊರಗೆ ಬಂದ ತಸ್ಲೀಮಾ ಬಾನು ಜಗಲಿಯ ಕೆಳಗೆ ಮಕ್ಕಳ ಚಪ್ಪಲಿ ಇಲ್ಲದ್ದನ್ನು ಕಂಡಾಗ ಗಂಟೆ ಆರೂ ಇಪ್ಪತ್ತು. ಮಕ್ಕಳೂ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲಿದ್ದ ಕ್ಯಾಲೆಂಡರಿನಿಂದ, ರಂಜಾನಿಗೆ ಹಿಂದಿನ ಶಾಬಾನ್ ತಿಂಗಳ ಹಾಳೆಯನ್ನು ಯಾರೋ ಹರಿಯದಂತೆ ಬಿಡಿಸಿಕೊಂಡು ಹೋಗಿದ್ದರು. ನಾಲ್ಕು ಮೂಲೆಯಲ್ಲಿ ಟೇಪಿನ ಚೂರು ಮಾತ್ರ ಉಳಿದಿತ್ತು.

"ಮಿಸ್ಬಾ," ಎಂದು ಕರೆದಳು. "ಅಲ್ಫೀ."

ಓ ಎನ್ನುವವರು ಯಾರೂ ಇಲ್ಲ.

ಬೇರೆ ಊರಾಗಿದ್ದರೆ ಇದೇನು ಹೇಳಿಕೊಳ್ಳುವ ಸಂಗತಿಯಲ್ಲ. ಕೊಳ್ಳೇಗಾಲದಲ್ಲಿ ಅವಳ ತವರಿನ ಬೀದಿಯ ಮಕ್ಕಳು ಎಂಟು ಗಂಟೆಯಾದರೂ ಮನೆ ಸೇರುವುದಿಲ್ಲ, ತಾಯಂದಿರು ಬೈಯುವುದೂ ನಿಲ್ಲುವುದಿಲ್ಲ. ಆದರೆ ಇದು ಹೂಗ್ಯಂ ದಾಟಿ ಇನ್ನೆರಡು ಕಿಲೋಮೀಟರು ಒಳಗಿರುವ ದೊಡ್ಡಿ. ನಲವತ್ತು ಮನೆ, ಒಂದು ಶಾಲೆ, ಒಂದು ಕೆರೆ, ಆಮೇಲೆ ಕಾಡು. ಕಾಡಿಗೂ ಹೊಲಕ್ಕೂ ನಡುವೆ ಆನೆ ದಾಟಬಾರದೆಂದು ಅಗೆದ ಟ್ರಂಚು ಇದೆ ನಿಜ. ಆದರೆ ಹೋದ ಮಳೆಗಾಲದಲ್ಲಿ ಅದರ ದಂಡೆ ಎರಡು ಕಡೆ ಕುಸಿದು, ಆನೆಗಳು ಇಳಿದು ಹತ್ತಿ ಅಲ್ಲೇ ಹಾದಿ ಮಾಡಿಕೊಂಡಿದ್ದವು. ಮೂರು ದಿನದಿಂದ ಒಂದು ಒಂಟಿ ಸಲಗ ಕತ್ತಲಾಗುವುದನ್ನೂ ಕಾಯದೆ ಬಾಳೆ ತೋಟಕ್ಕೆ ನುಗ್ಗುತ್ತಿತ್ತು. ಶಿವರಾತ್ರಿಗೆಂದು ಬೆಟ್ಟಕ್ಕೆ ಹೋದ ಗಂಡಸರಲ್ಲಿ ಅರ್ಧ ಜನ ಇನ್ನೂ ಊರಿಗೆ ಮರಳಿರಲಿಲ್ಲ. ಸಂಜೆ ಐದೂವರೆ ಮೇಲೆ ಮಕ್ಕಳನ್ನು ಹೊಸಿಲು ದಾಟಿಸಬೇಡಿ ಎಂದು ಮನೆ ಮನೆಗೂ ಹೇಳಿಕೊಂಡು ಹೋಗಿದ್ದರು. ಹಾಗೆ ಹೇಳಿಸಿಕೊಂಡವರಲ್ಲಿ ತಸ್ಲೀಮಾಳೂ ಒಬ್ಬಳು.

ಅವಳು ಈ ದೊಡ್ಡಿಯ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷ. ಗಂಡ ಅಕ್ರಂ ಪಾಷ ಕೊಳ್ಳೇಗಾಲದಲ್ಲಿ ಲಾರಿ ಮೆಕ್ಯಾನಿಕ್, ಶನಿವಾರ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುವವನು. ಮೊದಮೊದಲು ಅವಳೂ ಕೊಳ್ಳೇಗಾಲದಿಂದಲೇ ಓಡಾಡಿ ನೋಡಿದಳು. ಆಯಸ್ಸೆಲ್ಲ ಬಸ್ಸಿನಲ್ಲೇ ಮುಗಿದುಹೋಗುತ್ತದೆ ಎನ್ನಿಸಿದ ಮೇಲೆ ಸೋಮಮ್ಮ ಎನ್ನುವ ಹೆಂಗಸಿನ ಮನೆಯ ಪಕ್ಕದ ಭಾಗವನ್ನು ಬಾಡಿಗೆಗೆ ಹಿಡಿದು ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಳು. ಒಂಬತ್ತು ವರ್ಷದ ಮಿಸ್ಬಾ ನಾಲ್ಕನೇ ಕ್ಲಾಸು, ಆರು ವರ್ಷದ ಅಲ್ಫಿಯಾ ಒಂದನೇ ಕ್ಲಾಸು, ಇಬ್ಬರೂ ತಾಯಿಯ ಶಾಲೆಯಲ್ಲೇ.

ದೊಡ್ಡಿಯಲ್ಲಿ ಮಸೀದಿಯಿಲ್ಲ, ಬಾಂಗು ಕೇಳುವುದಿಲ್ಲ. ಮಕ್ಕಳಿಗೆ ಉರ್ದು ನಾಲಿಗೆಯ ಮೇಲಿಂದ ಇಳಿದೇ ಹೋಗಿತ್ತು. ತಾಯಿ ಉರ್ದುವಿನಲ್ಲಿ ಕೇಳಿದರೆ ಅವು ದೊಡ್ಡಿಯ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದವು. ಕೊನೆಗೆ ಕೇಳುವುದೂ ಕನ್ನಡದಲ್ಲೇ ಆಯಿತು. ಜಗಳ ಆಡುವುದಕ್ಕೆ ಮಾರ್ಟಳ್ಳಿ ಕಡೆಯ ಮಕ್ಕಳಿಂದ ಕಲಿತ ತಮಿಳು ಬೇರೆ. ಒಂದು ದಿನ ಮಿಸ್ಬಾ ಊಟಕ್ಕೆ ಕೂತವಳು, "ಅಮ್ಮಿ, ರಂಜಾನು ಮಾರ್ಚಲ್ಲಾ, ಏಪ್ರಿಲಲ್ಲಾ?" ಎಂದು ಕೇಳಿದಾಗ ತಸ್ಲೀಮಾ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು. ನಾಲ್ಕನೇ ಕ್ಲಾಸಿನ ಹುಡುಗಿ, ತನ್ನ ಮಗಳು, ರಂಜಾನೂ ಚಂದ್ರನ ಲೆಕ್ಕದ ಒಂದು ತಿಂಗಳೆಂದು ಗೊತ್ತಿಲ್ಲ. ಬೇರೆಯವರ ಮಕ್ಕಳಿಗೆ ಮಗ್ಗಿ ಉರು ಹೊಡೆಸುವ ತಾನು ಮನೆಯಲ್ಲಿ ಇದನ್ನು ಮರೆತೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಕ್ಯಾಲೆಂಡರು ಹುಟ್ಟಿದ್ದು ಹೀಗೆ. ಶಾಲೆಯಲ್ಲಿ ಬಣ್ಣ ಹೋಗಿ ಮೂಲೆಗೆ ಬಿದ್ದಿದ್ದ ಚಾರ್ಟುಗಳ ಹಿಂಬದಿ ಇನ್ನೂ ಬೆಳ್ಳಗಿತ್ತು. ಅದನ್ನು ಕತ್ತರಿಸಿ ಹನ್ನೆರಡು ಹಾಳೆ ಮಾಡಿದರು. ಮಿಸ್ಬಾ ಸ್ಕೇಲಿಟ್ಟು ಗೆರೆ ಎಳೆದಳು. ತಿಂಗಳಿಗೆ ಇಪ್ಪತ್ತೊಂಬತ್ತು ಮನೆ, ಮೂವತ್ತನೆಯ ಮನೆಗೆ ಮಾತ್ರ ಚುಕ್ಕಿ ಗೆರೆ. "ಅದ್ಯಾಕೆ ಚುಕ್ಕಿ?" ಎಂದಳು ಅಲ್ಫಿಯಾ. "ಇಪ್ಪತ್ತೊಂಬತ್ತನೇ ಸಂಜೆ ಚಂದ್ರ ಕಂಡರೆ ತಿಂಗಳು ಅಲ್ಲಿಗೇ ಮುಗೀತು, ಮಾರನೇ ದಿನ ಹೊಸ ತಿಂಗಳು. ಕಾಣಲಿಲ್ಲ ಅಂದರೆ ಇನ್ನೂ ಒಂದು ದಿನ. ಅದಕ್ಕೇ ಆ ಮನೆ ಇದೆಯೋ ಇಲ್ಲವೋ ಅನ್ನೋದು ನಮಗೆ ಮೊದಲೇ ಗೊತ್ತಿರಲ್ಲ," ಎಂದು ವಿವರಿಸಿದಳು ತಾಯಿ. ಬಿಸ್ಕತ್ತು ಪೊಟ್ಟಣದ ಒಳಗಿನ ಬೆಳ್ಳಿ ಹಾಳೆಯಲ್ಲಿ ಚಂದ್ರನನ್ನು ಕತ್ತರಿಸಿ ಅಂಟಿಸುವುದು ಅಲ್ಫಿಯಾಳ ಕೆಲಸ. ಆಕಾಶದಲ್ಲಿ ಕಂಡಷ್ಟನ್ನೇ ಕತ್ತರಿಸಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಶುರು ಮಾಡಿದಾಗಲೇ ಶಾಬಾನಿನ ಹತ್ತನೇ ದಿನ. ಹಾಗಾಗಿ ಮಕ್ಕಳು ತಿಂಗಳ ಮೊದಲ ಎಳೆ ಚಂದ್ರನನ್ನು ನೋಡಿರಲೇ ಇಲ್ಲ. ಅವು ಕಂಡದ್ದು ದಪ್ಪಗಾಗುತ್ತಿದ್ದ ಚಂದ್ರನನ್ನು, ಆಮೇಲೆ ಹುಣ್ಣಿಮೆಯ ಚಂದ್ರನನ್ನು. ಆವತ್ತು ಸೋಮಮ್ಮನ ಹುಲ್ಲಿನ ಬಣವೆಯ ಹಿಂದೆ, ಗುಡ್ಡದ ನೆತ್ತಿಯಿಂದ ಕೆಂಪಗೆ ಎದ್ದು ಬಂದಾಗ ಇಬ್ಬರೂ ಅಂಗಳದಲ್ಲಿ ಕುಣಿದಿದ್ದೇ ಕುಣಿದಿದ್ದು. ಅಲ್ಫಿಯಾ ಇಡೀ ಬೆಳ್ಳಿ ಹಾಳೆಯನ್ನೇ ಖರ್ಚು ಮಾಡಿದಳು.

"ಮೊಬೈಲಲ್ಲಿ ನೋಡಿದ್ರೆ ಎಲ್ಲಾ ಗೊತ್ತಾಯ್ತದಲ್ಲ ಅಮ್ಮಿ," ಎಂದು ಒಮ್ಮೆ ಮಿಸ್ಬಾ ಕೇಳಿದ್ದುಂಟು.

"ಮೊಬೈಲ್ ನೋಡೋದಾದರೆ ಕ್ಯಾಲೆಂಡರ್ ಯಾಕೆ ಮಾಡಬೇಕಿತ್ತು? ಕಣ್ಣಲ್ಲಿ ಕಾಣಬೇಕು. ಕಂಡಿದ್ದನ್ನೇ ಬರೀಬೇಕು," ಎಂದಿದ್ದಳು ತಸ್ಲೀಮಾ. ಹೇಳುವಾಗ ಒಳಗೊಳಗೇ ತನ್ನ ಮಾತನ್ನು ತಾನೇ ಮೆಚ್ಚಿಕೊಂಡಿದ್ದಳು. ಟೀಚರುಗಳ ರೋಗ ಇದು, ಒಂದು ಒಳ್ಳೆ ಮಾತು ಬಾಯಿಗೆ ಬಂದರೆ ಅದರ ಹಿಂದೆ ಏನು ಬರುತ್ತದೆಂದು ನೋಡುವುದಿಲ್ಲ.

ಇವತ್ತು ಆ ಇಪ್ಪತ್ತೊಂಬತ್ತನೇ ದಿನ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ ಎಂದು ಪಟ್ಟಿ ಹಿಡಿದು ತಲೆ ಕೆಡಿಸಿಕೊಂಡಿದ್ದಾಗ ಮಿಸ್ಬಾ ಬಂದು ಸೆರಗು ಜಗ್ಗಿದ್ದಳು.

"ಅಮ್ಮಿ, ಸಂಜೆ ಚಂದ್ರನ್ನ ಎಲ್ಲಿ ನೋಡಬೇಕು?"

"ಇನ್ನೆಲ್ಲಿ ನೋಡ್ತಾರೆ. ಮೂಡೋ ಕಡೆ ನೋಡಬೇಕು. ಹೋಗು, ತಟ್ಟೆ ತೊಳಿ."

ತಲೆ ಎತ್ತಿಯೂ ನೋಡಿರಲಿಲ್ಲ ಅವಳು. ಸಂಜೆ ತಾನೇ ಮಕ್ಕಳನ್ನು ಶಾಲೆಯ ತಾರಸಿಗೆ ಹತ್ತಿಸಿ, ಸೂರ್ಯ ಮುಳುಗುವ ಕಡೆಗೆ ತಿರುಗಿಸಿ ನಿಲ್ಲಿಸಬೇಕೆಂದು ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಮನಸ್ಸಿನಲ್ಲೇ ಉಳಿಯಿತು.

ಈಗ ಅವಳು ಮೊದಲು ಓಡಿದ್ದು ಶಾಲೆಗೇ. ಕಬ್ಬಿಣದ ಗೇಟಿಗೆ ಬೀಗ. ಏಣಿ ಗೋಡೆಗೆ ಒರಗಿಕೊಂಡೇ ಇತ್ತು, ತಾರಸಿ ಖಾಲಿ. ವಾಪಸು ಬಂದು ಬಚ್ಚಲು, ಕೊಟ್ಟಿಗೆ, ಬಣವೆಯ ಹಿಂದೆ, ಎಲ್ಲ ನೋಡಿದಳು. ಮಂಚದ ಕೆಳಗೂ ಬಗ್ಗಿದಳು. ಅಲ್ಲಿ ಇಲ್ಲವೆಂದು ಗೊತ್ತಿದ್ದೂ ಬಗ್ಗಿದಳು. ಅಷ್ಟು ಹೊತ್ತಿಗೆ ಸೋಮಮ್ಮ ಹಸುವಿಗೆ ನೀರಿಟ್ಟು ಸೊಂಟ ನೆಟ್ಟಗೆ ಮಾಡುತ್ತಾ ಬಂದಳು.

"ಏನವ್ವ ಟೀಚರಮ್ಮ, ಏನ್ ಉಡುಕ್ತಿದ್ದೀಯೆ?"

"ಮಕ್ಕಳು ಇಲ್ಲ ಸೋಮವ್ವ."

ಸೋಮಮ್ಮ ಎಂದೂ ಗಾಬರಿ ಬೀಳುವ ಹೆಂಗಸಲ್ಲ. ಹಾವು ಕಂಡರೆ, ಓಗು ನಿನ್ ದಾರಿ ನೋಡ್ಕ ಎನ್ನುವವಳು. ಆದರೆ ಈ ಮಾತು ಕೇಳಿ ಅವಳ ಕೈಯಲ್ಲಿದ್ದ ಬಕೆಟ್ಟು ಕೆಳಗೆ ಬಿತ್ತು. ಅದನ್ನು ನೋಡಿದ ಮೇಲೇ ತಸ್ಲೀಮಾ ನಿಜವಾಗಿ ಹೆದರಿದ್ದು. ಅಲ್ಲಿಯವರೆಗೆ, ಎಲ್ಲೋ ಇರುತ್ತವೆ, ಸಿಕ್ಕಿದರೆ ಎರಡು ಬಾರಿಸಬೇಕು ಎಂದುಕೊಂಡಿದ್ದಳು.

"ಎತ್ಲಾಗೋದೋ ಅಂತ ಏನಾರ ಗೊತ್ತಾ?"

"ಚಂದ್ರ ನೋಡೋಕೆ. ಇವತ್ತು ಚಂದ್ರ ಕಂಡರೆ ನಾಳೆಯಿಂದ ನಮ್ಮ ರೋಜಾ, ಉಪವಾಸ. ಚಂದ್ರ ಕಾಣೋದು ಪಶ್ಚಿಮಕ್ಕೆ. ಕೆರೆ ಏರಿ ಮೇಲೆ ಹೋಗಿರಬೇಕು, ಅಲ್ಲಾದರೆ ಆ ಕಡೆ ಬಯಲು."

"ಕೆರೆ ಕಡಿಗಾ," ಎಂದಳು ಸೋಮಮ್ಮ. ಅವಳ ದನಿಯಲ್ಲಿ ಒಂದಿಷ್ಟು ಸಮಾಧಾನ ಬಂತು. "ಪಡುವ್ಲಾಗಿ ಆನೆ ಇಲ್ಲ ಬುಡು. ನಡಿ ಓಗವ."

ಆನೆಯಿಲ್ಲದಿದ್ದರೆ ನೀರಿದೆಯಲ್ಲ. ಕೆರೆಗೆ ಹೋಗುವ ಹಾದಿಯುದ್ದಕ್ಕೂ ತಸ್ಲೀಮಾ ಅದನ್ನೇ ಯೋಚಿಸಿದಳು. ಅಲ್ಫಿಯಾಗೆ ನೀರೆಂದರೆ ಪ್ರಾಣ. ಏರಿಯ ಕಲ್ಲು ಪಾಚಿ ಕಟ್ಟಿ ಜಾರುತ್ತವೆ. ಒಬ್ಬಳು ಜಾರಿದರೆ ಇನ್ನೊಬ್ಬಳು ಸುಮ್ಮನೆ ನಿಲ್ಲುವವಳಲ್ಲ, ಕೈ ಚಾಚಲು ಹೋಗುತ್ತಾಳೆ. ಏರಿ ಹತ್ತಿದಾಗ ದಂಡೆಯ ಹತ್ತಿರ ನೀರಿನಲ್ಲಿ ಕೆಂಪಗೆ ಏನೋ ಅಲ್ಲಾಡುತ್ತಿದ್ದುದು ಅವಳಿಗೆ ಕಂಡಿತು. ಅಲ್ಫಿಯಾ ಹಾಕಿಕೊಂಡಿದ್ದೂ ಕೆಂಪು ಫ್ರಾಕು. ಚಪ್ಪಲಿ ಬಿಟ್ಟು ಮಂಡಿಯುದ್ದ ನೀರಿಗೆ ಇಳಿದು ಎಳೆದು ನೋಡಿದರೆ ಯಾರೋ ಬಿಟ್ಟುಹೋದ ಗೊಬ್ಬರದ ಚೀಲ. ಅದನ್ನು ಎದೆಗೆ ಅವುಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು.

ತಲೆ ಎತ್ತಿದಾಗ ಎದುರಿಗೆ ಚಂದ್ರ. ಕೆರೆಯಾಚೆಯ ಬೋಳು ಗುಡ್ಡದಿಂದ ಒಂದು ಗೇಣು ಮೇಲೆ, ಕತ್ತರಿಸಿ ಎಸೆದ ಉಗುರಿನಷ್ಟು ತೆಳ್ಳಗೆ. ಹುಟ್ಟಿದಾಗಿನಿಂದ ಈ ಚಂದ್ರನನ್ನು ಕಂಡ ಕೂಡಲೇ ಎರಡೂ ಕೈ ಎತ್ತಿ ದುವಾ ಕೇಳುತ್ತಿದ್ದವಳಿಗೆ ಈಗ ಅದರ ಮೇಲೆ ಸಿಟ್ಟು ಬಂತು. ಇಷ್ಟು ಸಲೀಸಾಗಿ ಕಾಣುತ್ತಿದೆ, ಮನೆಯ ಅಂಗಳದಲ್ಲಿ ನಿಂತಿದ್ದರೂ ಕಾಣುತ್ತಿತ್ತು. ನೋಡಬೇಕೆಂದು ಹೊರಟವರೇ ಇಲ್ಲ. ಏರಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಆಗಲೇ ಊರಿನ ಆಚೆ ಕಡೆಯಿಂದ ಪಟಾಕಿಯ ಸದ್ದು ಕೇಳಿತು. ಒಂದು, ಎರಡು, ಸ್ವಲ್ಪ ಬಿಟ್ಟು ಮೂರು. ಸೋಮಮ್ಮನ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ಅವಳ ತಮ್ಮ ಪುಟ್ಟಮಾದಯ್ಯ, ಕಾಡಂಚಿನಲ್ಲಿ ಆನೆ ಓಡಿಸುವ ವಾಚರು. ಕಿವಿ ಮಂದವೆಂದು ಸೋಮಮ್ಮ ಯಾವಾಗಲೂ ಸ್ಪೀಕರು ಹಾಕಿಯೇ ಮಾತಾಡುತ್ತಿದ್ದಳು, ಅವನ ದನಿ ಕೆರೆ ಮೇಲೆಲ್ಲ ಕೇಳಿತು.

"ಅಕ್ಕಾ, ಸಲಗ ಟ್ರಂಚ್ ಇಳ್ದು ಈಚ್ಗೆ ಬಂದದ. ಮೂಡ್ಲ ಕಡೆ ಯಾರ್ನೂ ಬುಡಬ್ಯಾಡ. ದನ ಗಿನ ಇದ್ರೆ ಇಡ್ದು ಕಟ್ಟಾಕಿ ಅನ್ನು ಎಲ್ರಿಗೂ."

ತಸ್ಲೀಮಾ ಈ ಮಾತನ್ನು ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ್ದಳು. ಮೂಡ್ಲ ಹೊಲ, ಮೂಡ್ಲ ಬಾವಿ, ಮೂಡ್ಲ ಗುಡ್ಡ. ಆದರೂ ಈಗ ಕಿವಿಗೆ ಹೊಸದಾಗಿ ಬಿದ್ದಂತಾಯಿತು.

"ಸೋಮವ್ವ, ಮೂಡ್ಲು ಅಂದರೆ?"

"ಇದೇನವ್ವ ಇಂಗ್ ಕೇಳ್ತಿದ್ದೀಯೆ. ಮೂಡ್ಲು ಅಂದ್ರೆ ಮೂಡ್ಲು. ಒತ್ತಾರೆ ಸೂರ್ಯ ಮೂಡೋ ಕಡೆ."

ಮೂಡೋ ಕಡೆ.

ಕೊಳ್ಳೇಗಾಲದಲ್ಲಿ ಬೆಳೆದ ತಸ್ಲೀಮಾಗೆ ದಿಕ್ಕೆಂದರೆ ಪೂರ್ವ, ಪಶ್ಚಿಮ. ಮೂಡುವುದೆಂದರೆ ಕಾಣಿಸಿಕೊಳ್ಳುವುದು, ಅಷ್ಟೇ. ಚಂದ್ರ ಎಲ್ಲಿ ಕಾಣಿಸುತ್ತದೋ ಅಲ್ಲಿ ನೋಡಿ ಎಂದು ಅವಳು ಹೇಳಿದ್ದಳು. ದೊಡ್ಡಿಯ ಮಕ್ಕಳಾಗಿಬಿಟ್ಟಿದ್ದ ತನ್ನ ಮಕ್ಕಳು ಅದನ್ನು ದಿಕ್ಕಿನ ಹೆಸರೆಂದು ಕೇಳಿಸಿಕೊಂಡಿದ್ದವು. ಕೇಳಿಸಿಕೊಳ್ಳದೆ ಏನು, ಹುಣ್ಣಿಮೆಯ ದಿನ ಚಂದ್ರ ಎದ್ದು ಬಂದಿದ್ದೂ ಮೂಡ್ಲ ಗುಡ್ಡದ ಮೇಲಿಂದಲೇ ಅಲ್ಲವೇ. ನಮಾಜಿಗೆ ನಿಲ್ಲುವ ಕಡೆ ಎಂದಿದ್ದರೆ ಸಾಕಿತ್ತು, ಅಲ್ಫಿಯಾ ಕೂಡ ಕಣ್ಣು ಮುಚ್ಚಿಕೊಂಡು ಪಶ್ಚಿಮಕ್ಕೆ ತಿರುಗುತ್ತಿದ್ದಳು. ಹಾಗೆ ಹೇಳಲಿಲ್ಲ. ತನ್ನ ಬಾಯಿಂದಲೇ, ಮೊಟ್ಟೆಯ ಪಟ್ಟಿಯಿಂದ ತಲೆ ಎತ್ತದೆ, ಇಬ್ಬರನ್ನೂ ಆನೆಯ ಎದುರಿಗೆ ಕಳಿಸಿದ್ದಳು.

ಅವಳು ಓಡಿದಳು. ಹಿಂದಿನಿಂದ ಸೋಮಮ್ಮ, "ನಿಲ್ಲವ್ವ, ಅತ್ಲಾಗೆ ಓಗಬ್ಯಾಡ," ಎನ್ನುತ್ತಾ ಬಂದದ್ದು ಸ್ವಲ್ಪ ದೂರ ಕೇಳಿತು, ಆಮೇಲೆ ಕೇಳಲಿಲ್ಲ. ಬಿಟ್ಟ ಚಪ್ಪಲಿ ಕೆರೆಯ ಹತ್ತಿರವೇ ಉಳಿದಿತ್ತು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಊರು ದಾಟಿ, ಕೊಯ್ದ ರಾಗಿ ಹೊಲದ ಕೂಳೆಯ ಮೇಲೆ ಓಡುವಾಗ ಅಂಗಾಲಿಗೆ ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಚಂದ್ರ ಮುಳುಗುತ್ತಿತ್ತು, ಬೆಳಕು ಪೂರಾ ಹೋಗಿತ್ತು. ಎದುರಿನ ಗುಡ್ಡ ಕಪ್ಪಗೆ ಒಂದೇ ಮುದ್ದೆಯಾಗಿ ಕಾಣುತ್ತಿತ್ತು.

"ಮಿಸ್ಬಾ," ಎಂದು ಕೂಗಿದಳು. "ಅಲ್ಫೀ. ಮಿಸ್ಬಾ."

ಇಡೀ ಶಾಲೆಯನ್ನು ಪ್ರಾರ್ಥನೆಗೆ ನಿಲ್ಲಿಸುವ ಗಂಟಲು ಅದು. ಗುಡ್ಡಕ್ಕೆ ಬಡಿದು ವಾಪಸು ಬಂತು. ಬೇರೆ ಯಾವ ಉತ್ತರವೂ ಬರಲಿಲ್ಲ. ಇನ್ನೂ ಒಂದು ಸಲ ಕೂಗಿದಳು, ಇನ್ನೂ ನಾಲ್ಕು ಸಲ. ಹೊಲದ ಬದುವಿನ ಮೇಲೆ ಟಾರ್ಚಿನ ಬೆಳಕು ಹೊತ್ತಿಕೊಂಡು ತಕ್ಷಣ ಆರಿತು. ಪುಟ್ಟಮಾದಯ್ಯ ಬಗ್ಗಿಕೊಂಡು ಓಡಿ ಬಂದ.

"ಕೂಗಬ್ಯಾಡಿ ಮೇಡಂ. ಕೂಗುದ್ರೆ ಅದು ಇತ್ಲಾಗೆ ತಿರುಗ್ತದ."

"ಮಕ್ಕಳು ಅಲ್ಲಿದ್ದಾವೆ. ನನ್ನ ಮಕ್ಕಳು."

"ಎಲ್ಲಿ?"

"ಗೊತ್ತಿಲ್ಲ. ಗುಡ್ಡದ ಕಡೆ ಬಂದಿದ್ದಾವೆ. ಮಿಸ್ಬಾ..."

ಪುಟ್ಟಮಾದಯ್ಯ ಎರಡು ವರ್ಷದಲ್ಲಿ ಒಂದು ದಿನವೂ ಅವಳ ಮುಖ ನೋಡಿ ಮಾತಾಡಿದವನಲ್ಲ. ಎದುರಿಗೆ ಸಿಕ್ಕರೆ ತಲೆವಸ್ತ್ರ ತೆಗೆದು ಪಕ್ಕಕ್ಕೆ ಸರಿಯುವ ಮನುಷ್ಯ. ಅವನು ಈಗ ಪಟಾಕಿ ಮದ್ದು ವಾಸನೆಯ ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅವಳ ಹೆಗಲು ಅದುಮಿ ಬದುವಿನ ಮರೆಗೆ ಕೂರಿಸಿಬಿಟ್ಟ. ಅವಳು ಕೊಸರಿದಳು, ಉಗುರಿನಿಂದ ಪರಚಿದಳು. ಅವನು ಬಿಡಲಿಲ್ಲ.

"ಕೇಳಿ ಇಲ್ಲಿ," ಎಂದ ಕಿವಿಯ ಹತ್ತಿರ. "ಅದು ಅಲ್ಲೇ ಅದ. ಐವತ್ತು ಮಾರು ಇಲ್ಲ. ನೀವು ಓದ್ರೆ ನೀವು ಉಳಿಯಕಿಲ್ಲ. ನಾನು ಪಟಾಕಿ ಅಚ್ಚುದ್ರೆ ಅದು ಅತ್ಲಾಗೆ ಓಡ್ತದ. ಮಕ್ಕ ಅತ್ಲಾಗೇ ಇದ್ರೆ ಏನ್ ಮಾಡೀರಿ? ಈಗ ಏನೂ ಮಾಡಂಗಿಲ್ಲ. ಸುಮ್ಗೆ ಕೂತ್ಕಬೇಕು."

ಏನೂ ಮಾಡುವಂತಿಲ್ಲ ಎನ್ನುವುದನ್ನು ಅವಳು ಅಲ್ಲಿಯವರೆಗೆ ಯಾರಿಂದಲೂ ಕೇಳಿಸಿಕೊಂಡವಳಲ್ಲ. ಕೈ ತೆಗೆದ ಮೇಲೂ ಅವಳ ಬಾಯಿಂದ ಸದ್ದು ಬರಲಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಂಡ ಹಾಗೆ ಎದುರಿಗೆ ದೊಡ್ಡದೊಂದು ಹುಣಸೆ ಮರ ಕಂಡಿತು. ಅದರ ಕವೆಯಲ್ಲಿ ಅಟ್ಟಣೆ ಇತ್ತು. ರಾಗಿ ಪೈರು ನಿಂತಿದ್ದಾಗ ರಾತ್ರಿ ಕಾವಲು ಕೂರುವುದಕ್ಕೆ ನೆಲದಿಂದ ಬೊಂಬಿನ ಕಾಲು ಕೊಟ್ಟು ಮಾಡಿದ್ದು, ಕೊಯ್ಲಾದ ಮೇಲೆ ಯಾರೂ ಹತ್ತುತ್ತಿರಲಿಲ್ಲ. ಮರದ ಬುಡದಲ್ಲಿ ಕತ್ತಲು ಬೇರೆ ಕತ್ತಲಿಗಿಂತ ದಪ್ಪಗಿತ್ತು. ಅದು ಅಲ್ಲಾಡಿತು.

ಆನೆ ಉಸಿರು ಬಿಡುವುದು ಅಷ್ಟು ದೂರದಿಂದಲೂ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕಿವಿ ಬೀಸಿದಾಗ ಒದ್ದೆ ಗೋಣಿ ಒದರಿದಂಥ ಸದ್ದು. ಕೊಂಬೆ ಮುರಿಯಿತು, ಎಲೆ ಜಗಿಯುವುದು ಕೇಳಿತು. ಎಷ್ಟು ನಿಧಾನ ಅದಕ್ಕೆ. ತಾನು ಕೂಗಿದಾಗ ಮಕ್ಕಳು ಯಾಕೆ ಓ ಎನ್ನಲಿಲ್ಲ ಎಂದು ತಸ್ಲೀಮಾ ಯೋಚಿಸಲು ಹೊರಟಳು, ಆ ಯೋಚನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ತಿಳಿದು ಅರ್ಧಕ್ಕೇ ಬಿಟ್ಟಳು. ಅದು ಬಿಡಲಿಲ್ಲ. ಅಲ್ಫಿಯಾ ಇರುವೆ ಕಚ್ಚಿದರೆ ಊರು ಒಂದು ಮಾಡುವ ಹುಡುಗಿ. ತಾಯಿಯ ದನಿ ಕೇಳಿಯೂ ಸುಮ್ಮನಿರುತ್ತಾಳೆಯೇ? ಜೀವವಿದ್ದರೆ ಸುಮ್ಮನಿರುತ್ತಾಳೆಯೇ?

ಯಾ ಅಲ್ಲಾಹ್, ಎಂದುಕೊಂಡಳು. ಮುಂದೆ ಏನು ಕೇಳಬೇಕೆಂದೇ ತೋಚಲಿಲ್ಲ. ಇಬ್ಬರೂ ಬೇಕು ಎಂದು ಕೇಳಿದಳು. ಆಮೇಲೆ, ಕೇಳಿದ್ದು ಹೆಚ್ಚಾಯಿತೇನೋ ಎಂದು ಹೆದರಿದಳು. ಅಕ್ರಂಗೆ ಏನೆಂದು ಹೇಳುವುದು? ಮಕ್ಕಳಿಗೆ ಕ್ಯಾಲೆಂಡರು ಮಾಡುವುದು ಕಲಿಸುತ್ತಿದ್ದೆ ಎಂದೇ? ಆ ಹಾಳು ಚುಕ್ಕಿ ಗೆರೆಯ ಮನೆಯನ್ನು ಹಾಕಿಸಿದವಳು ತಾನು. ಗೆರೆ ಎಳೆದು ಮೂವತ್ತು ಬರೆದು ಮುಗಿಸಿದ್ದರೆ ಆಗುತ್ತಿರಲಿಲ್ಲವೇ.

ಬೊಂಬು ಚಟಕ್ಕೆಂದಿತು.

"ಅಟ್ಟಣೆಗೆ ಮೈ ಉಜ್ಜತಾ ಅದ," ಎಂದು ಪುಟ್ಟಮಾದಯ್ಯ ಪಿಸುಗುಟ್ಟಿದ. ಇನ್ನೊಂದು ಸಲ ಚಟಕ್ಕೆಂದಿತು. ಆಮೇಲೆ ಉದ್ದಕ್ಕೆ ಸೀಳಿದ ಸದ್ದು, ಏನೋ ವಾಲಿ ನಿಂತ ಸದ್ದು. ತಸ್ಲೀಮಾ ಅವನ ತೋಳನ್ನು ಹಿಡಿದಿದ್ದಳು. ಅಟ್ಟಣೆಯ ಮೇಲೆ ಯಾರಾದರೂ ಇರಬಹುದೇ ಎಂದು ಕೇಳಲು ಅವಳಿಗೂ ಧೈರ್ಯವಿರಲಿಲ್ಲ, ಹೇಳಲು ಅವನಿಗೂ ಇರಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತರೋ. ಪುಟ್ಟಮಾದಯ್ಯ ಆಮೇಲೆ ಕಾಲು ಗಂಟೆ ಅಂದ, ಅವಳ ಲೆಕ್ಕಕ್ಕೆ ಅದು ಸಿಗುವುದಿಲ್ಲ. ದಪ್ಪನೆಯ ಕತ್ತಲು ಮರದ ಬುಡದಿಂದ ಬಿಡಿಸಿಕೊಂಡು ಮೇಲಕ್ಕೆ ಸರಿಯಿತು. ಟ್ರಂಚಿನ ಕಡೆ ಕಲ್ಲು ಉರುಳಿದವು, ಮಣ್ಣು ಜರುಗಿತು, ಆಚೆ ದಂಡೆಯಲ್ಲಿ ಲಂಟಾನದ ಪೊದೆ ಮುರಿಯಿತು. ಅವಳು ಏಳಹೋದಳು. ಅವನು ಇನ್ನೂ ಹಿಡಿದೇ ಇದ್ದ. ಪೊದೆಯ ಸದ್ದು ಪೂರಾ ಅಡಗಿದ ಮೇಲೆ, "ಈಗ ಬನ್ನಿ, ನನ್ ಇಂದೇನೇ ಬನ್ನಿ," ಎಂದು ಟಾರ್ಚು ಹಾಕಿದ.

ಬೆಳಕಿಗೆ ಮೊದಲು ಸಿಕ್ಕಿದ್ದು ನೆಲದ ಮೇಲೆ ಬಿದ್ದಿದ್ದ ಹಾಳೆ. ಶಾಬಾನ್ ತಿಂಗಳು. ಅದರ ಮೇಲೆ ಮೊರದಗಲದ ಹೆಜ್ಜೆ ಒತ್ತಿ, ಬೆಳ್ಳಿ ಚಂದ್ರಗಳು ಮಣ್ಣಿಗೆ ಇಳಿದಿದ್ದವು. ತಸ್ಲೀಮಾಳ ಕಾಲು ಅಲ್ಲೇ ನಿಂತುಬಿಟ್ಟಿತು. ಇನ್ನೊಂದು ಹೆಜ್ಜೆ ಇಟ್ಟರೆ ಏನು ಕಾಣಬೇಕಾಗುತ್ತದೋ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ತಾಯಿಯಾದವಳು ಮುಂದೆ ಓಡಬೇಕಿತ್ತು ಎಂದು ಯಾರಾದರೂ ಅನ್ನಬಹುದು. ಅನ್ನುವವರು ಆ ಹೆಜ್ಜೆಯನ್ನು ನೋಡಿಲ್ಲ.

"ಮೇಡಂ," ಎಂದ ಪುಟ್ಟಮಾದಯ್ಯ. "ಮ್ಯಾಲೆ ನೋಡಿ."

ಅಟ್ಟಣೆಯ ಒಂದು ಕಾಲು ಮುರಿದು ಅದು ಓರೆಯಾಗಿ ನೇತಾಡುತ್ತಿತ್ತು. ಅದರ ಎತ್ತರದ ಮೂಲೆಯಲ್ಲಿ, ಮರದ ಕವೆಗೆ ಬೆನ್ನು ಒತ್ತಿಕೊಂಡು ಮಿಸ್ಬಾ ಕೂತಿದ್ದಳು. ಅಲ್ಫಿಯಾ ಅವಳ ಮಡಿಲಲ್ಲಿ ಮುದುರಿಕೊಂಡಿದ್ದಳು. ಮಿಸ್ಬಾಳ ಎಡಗೈ ತಂಗಿಯ ಬಾಯಿಯ ಮೇಲೆ ಇತ್ತು. ಟಾರ್ಚಿನ ಬೆಳಕು ಕಣ್ಣಿಗೆ ಬಿದ್ದರೂ ಅವಳು ಆ ಕೈ ತೆಗೆಯಲಿಲ್ಲ.

"ಓಯ್ತು ಕಣವ್ವ, ಆನೆ ಓಯ್ತು," ಎಂದ ಪುಟ್ಟಮಾದಯ್ಯ ಮರ ಹತ್ತುತ್ತಾ. ಒಬ್ಬೊಬ್ಬಳನ್ನೇ ಹೆಗಲ ಮೇಲೆ ಇಳಿಸಿದ. ಅಲ್ಫಿಯಾ ನೆಲ ಮುಟ್ಟಿದ ಮೇಲೆ ಅಳಲು ಶುರು ಮಾಡಿದಳು, ಅಷ್ಟು ಹೊತ್ತಿನ ಅಳುವೆಲ್ಲ ಒಟ್ಟಿಗೆ ಬಂತು. ಮಿಸ್ಬಾ ಅಳಲಿಲ್ಲ. ಅವಳ ಎಡ ಅಂಗೈಯಲ್ಲಿ ಅಲ್ಫಿಯಾಳ ಹಲ್ಲು ನಾಟಿ ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು.

ತಸ್ಲೀಮಾ ಇಬ್ಬರನ್ನೂ ಎಳೆದು ಅಪ್ಪಿಕೊಂಡಳು. ತಲೆ, ಬೆನ್ನು, ಕಾಲು ಎಲ್ಲ ಮುಟ್ಟಿ ನೋಡಿದಳು. ಎಲ್ಲ ಇದ್ದಲ್ಲೇ ಇತ್ತು. ಅದು ಖಾತ್ರಿಯಾದ ಕೂಡಲೇ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಮಿಸ್ಬಾಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು, ಹೊಡೆಯಲು ಕೈಯನ್ನೂ ಎತ್ತಿದಳು.

"ಎಷ್ಟು ಕೂಗಿದೆ ನಾನು. ಗಂಟಲು ಹರಿದುಹೋಗೋ ಹಾಗೆ ಕೂಗಿದೆ. ಒಂದು ಸಲ ಓ ಅನ್ನೋಕೆ ಏನಾಗಿತ್ತು ನಿಂಗೆ? ಕೇಳಿಸಲಿಲ್ವಾ?"

"ಕೇಳುಸ್ತು ಅಮ್ಮಿ."

"ಮತ್ತೆ?"

"ಓ ಅಂದಿದ್ರೆ ನೀನು ಓ‍ಡ್ಕಂಡು ಬತ್ತಿದ್ದೆ. ಅದು ಮಧ್ಯ ನಿಂತಿತ್ತು."

ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಪುಟ್ಟಮಾದಯ್ಯ ಟಾರ್ಚನ್ನು ನೆಲದ ಕಡೆ ತಿರುಗಿಸಿದ. ಮಿಸ್ಬಾ ರಕ್ತದ ಕೈಯನ್ನು ಫ್ರಾಕಿಗೆ ಒರೆಸಿಕೊಂಡು, ಶಾಲೆಯಲ್ಲಿ ಪ್ರಶ್ನೆಗೆ ಉತ್ತರ ಹೇಳುವವಳ ಹಾಗೆ ಮೆಲ್ಲಗೆ ಮುಂದುವರಿಸಿದಳು.

"ಅಲ್ಫಿ ನಿನ್ ಅತ್ರ ಓಯ್ತೀನಿ ಅಂತ ಕಿರುಚಕ್ ಓದ್ಲು, ಅದ್ಕೇ ಬಾಯಿ ಮುಚ್ಚಿದ್ದು. ನೀನು ಕೂಗ್ತಿರೋ ಗಂಟ ನಂಗೆ ಅಷ್ಟು ಭಯ ಆಗ್ನಿಲ್ಲ. ಅಮ್ಮಿ ಅಲ್ಲವಳೆ, ಚೆನ್ನಾಗವಳೆ ಅಂತ ಗೊತ್ತಾಯ್ತಿತ್ತು." ಇಲ್ಲಿಗೆ ಬಂದ ಮೇಲೆ ಅವಳು ತಾಯಿಯ ಸೆರಗು ಹಿಡಿದುಕೊಂಡಳು. "ಆಮೇಲೆ ನೀನು ಒಂದೇ ಸಲ ಕೂಗದ ನಿಲ್ಲುಸ್ಬುಟ್ಟೆ."

ತಸ್ಲೀಮಾ ಕೂಳೆಯ ಮೇಲೆ ಮಂಡಿಯೂರಿ ಕೂತಳು. ಮಗಳ ಮುಖ ಈಗ ಅವಳ ಮುಖದ ಮಟ್ಟಕ್ಕೆ ಬಂತು. ಆ ಮುಖವನ್ನು ಹಿಡಿದುಕೊಂಡು, "ಇದ್ದೀನಿ, ಇಲ್ಲೇ ಇದ್ದೀನಿ," ಎಂದಳು. ಮಿಸ್ಬಾಗೆ ಅದು ಸಾಲಲಿಲ್ಲ. ಅವಳು ತಾಯಿಯ ತಲೆ ಮುಟ್ಟಿದಳು, ಬೆನ್ನು ಮುಟ್ಟಿದಳು, ಬಗ್ಗಿ ಎರಡೂ ಕಾಲನ್ನು ಮುಟ್ಟಿ ನೋಡಿದಳು. ಎಲ್ಲ ನೋಡಿ ಮುಗಿಸಿದ ಮೇಲೆ ಅವಳಿಗೆ ಅಳು ಬಂತು.